ಬೋರ್ಡು ಒಬ್ಬರದು, ಗಾಡಿ ಇನ್ನೊಬ್ಬರದು

ಹೋದ ಡಿಸೆಂಬರ್‌ನಲ್ಲಿ ಊರಿಂದ ವಾಪಸ್ ಬರುವಾಗ ಷಿಕಾಗೋದಲ್ಲಿ ನನ್ನ ಕೊನೇ ವಿಮಾನ ರದ್ದಾಯಿತು. ಅಷ್ಟು ಹೊತ್ತಿಗೆ ಒಂದು ದಿನ ಪೂರ್ತಿ ಹಾರಿ ಸೊಂಟ ಬಿದ್ದುಹೋಗಿತ್ತು. ಬ್ಯಾಗಲ್ಲಿ ಅಮ್ಮ ಕಟ್ಟಿಕೊಟ್ಟ ರಾಗಿಹಿಟ್ಟು, ಹುಣಸೆಹಣ್ಣು. ಉಳಿದಿದ್ದು ವಿಮಾನದಲ್ಲಿ ಒಂದು ಗಂಟೆಯ ದಾರಿ ಅಷ್ಟೇ, ನಾನಿರುವ ಅಯೋವಾದ ಸಣ್ಣ ಊರಿಗೆ. ತುಮಕೂರಿಂದ ಹುಬ್ಬಳ್ಳಿ ಎಷ್ಟು ದೂರವೋ ಹೆಚ್ಚು ಕಮ್ಮಿ ಅಷ್ಟೇ.

ಕೌಂಟರಿನ ಹುಡುಗಿ ನಗುನಗುತ್ತಲೇ, "ಅದು ನಮ್ಮ ವಿಮಾನ ಅಲ್ಲ ಸರ್" ಅಂದಳು. ನಾನು ಟಿಕೆಟ್ ತೋರಿಸಿದೆ. ಅದರ ಮೇಲೆ ಅವರದೇ ಹೆಸರು. ಅವಳ ಕೋಟಿನ ಮೇಲೂ ಅದೇ ಹೆಸರು. ಹೊರಗೆ ಹಿಮದಲ್ಲಿ ನಿಂತಿದ್ದ ಪುಟ್ಟ ವಿಮಾನದ ಮೈಮೇಲೂ ಅದೇ. ಅವಳು ಬೆರಳಿಟ್ಟು ತೋರಿಸಿದ್ದು ಟಿಕೆಟ್ಟಿನ ಕೆಳಗಿನ ಒಂದು ಸಾಲು, ಇರುವೆ ಗಾತ್ರದ ಅಕ್ಷರ. ಹಾರಿಸುವವರು ಬೇರೆ ಕಂಪನಿ. ಆ ಕಂಪನಿಯ ಪೈಲಟ್‌ಗಳ ಡ್ಯೂಟಿ ಟೈಮು ಮುಗಿದುಹೋಗಿತ್ತಂತೆ. ಅವರ ಕೌಂಟರ್ ಎಲ್ಲಿ ಅಂದೆ. ಅವರಿಗೆ ಕೌಂಟರೇ ಇಲ್ಲವಂತೆ!

13 ವರ್ಷದಿಂದ ಇಲ್ಲಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ. ಆಮೇಲೆ ಕೆದಕಿ ನೋಡಿದೆ. ಯುನೈಟೆಡ್ ಎಕ್ಸ್‌ಪ್ರೆಸ್, ಡೆಲ್ಟಾ ಕನೆಕ್ಷನ್, ಅಮೆರಿಕನ್ ಈಗಲ್ ಅಂತ ವಿಮಾನದ ಮೇಲೆ ಓದುತ್ತೀವಲ್ಲ, ಅವು ಬರೀ ಬೋರ್ಡು. ಹಾರಿಸುವವರು ಸ್ಕೈವೆಸ್ಟ್, ರಿಪಬ್ಲಿಕ್, ಎಂಡೆವರ್ ಥರದವರು. 1972ರಲ್ಲಿ ಯೂಟಾದ ಸೇಂಟ್ ಜಾರ್ಜ್ ಅನ್ನುವ ಊರಲ್ಲಿ ಶುರುವಾದ ಸ್ಕೈವೆಸ್ಟ್ ಒಂದೇ ಯುನೈಟೆಡ್, ಡೆಲ್ಟಾ, ಅಮೆರಿಕನ್, ಅಲಾಸ್ಕ ಈ ನಾಲ್ಕು ದೊಡ್ಡ ಕಂಪನಿಗೂ ಹಾರಿಸುತ್ತದೆ. ಟಿಕೆಟ್ಟು, ದರ, ಟೈಮು ಸಾಮಾನ್ಯವಾಗಿ ದೊಡ್ಡವರ ಕೈಯಲ್ಲಿ. ಪೈಲಟ್ಟು, ಗಗನಸಖಿ, ರಿಪೇರಿ ಸಣ್ಣವರ ತಲೆಗೆ. ಸೀಟು ತುಂಬಲಿ ಬಿಡಲಿ, ಹಾರಿಸಿದ್ದಕ್ಕೆ ಇಂತಿಷ್ಟು ಅಂತ ದುಡ್ಡು. ಸಣ್ಣವರ ಕೈಲಿ ಹಾರಿಸಿದರೆ ಖರ್ಚು ಕಮ್ಮಿ, ಅಷ್ಟೇ ಗುಟ್ಟು. ದೊಡ್ಡ ಕಂಪನಿಯ ಪೈಲಟ್ ಸಂಘಗಳು ಸುಮ್ನಿರ್ತಾವಾ? 76 ಸೀಟಿಗಿಂತ ದೊಡ್ಡದನ್ನು ಹೊರಗಿನವರ ಕೈಗೆ ಕೊಡಬಾರದು ಅಂತ ಕರಾರು ಹಾಕಿಸಿವೆ. ಅದಕ್ಕೇ ಆ ವಿಮಾನಗಳು ಅಷ್ಟು ಇಕ್ಕಟ್ಟು. 50 ಸೀಟಿನದರಲ್ಲಂತೂ ಕೈಚೀಲ ಬಿಟ್ಟು ಚಕ್ರದ ಬ್ಯಾಗು ತಲೆ ಮೇಲೆ ಹಿಡಿಸಲ್ಲ. ಬಾಗಿಲಲ್ಲೇ ಕಿತ್ತುಕೊಂಡು ಒಂದು ಚೀಟಿ ಕೊಡುತ್ತಾರೆ.

ಆ ರಾತ್ರಿ ಬೆಂಚಿನ ಮೇಲೆ ಕೂತವನಿಗೆ ನಮ್ಮ ಮಧುಗಿರಿ ಕಡೆಯ ಪ್ರೈವೇಟ್ ಬಸ್ಸು ನೆನಪಾಯಿತು. ಮುಂದಿನ ಗಾಜಿನ ಮೇಲೆ ದೇವರ ಹೆಸರು, ಹಿಂದೆ ಓನರ್ ಮಕ್ಕಳ ಹೆಸರು. ತುಮಕೂರಲ್ಲಿ "ಪಾವಗಡ, ಪಾವಗಡ" ಅಂತ ಕೂಗಿ ಹತ್ತಿಸಿಕೊಳ್ಳುತ್ತಿದ್ದರು. ಜನ ಕಮ್ಮಿ ಇದ್ದರೆ ಮಧುಗಿರಿಯಲ್ಲಿ ಇಳಿಸಿ ಹಿಂದಿನ ಬಸ್ಸಿಗೆ ದಾಟಿಸುತ್ತಿದ್ದರು. "ಐದು ಫುಲ್ಲು, ಎರಡು ಹಾಫು" ಅಂತ ಎಣಿಸಿ, ಈ ಕಂಡಕ್ಟರ್ ತನ್ನ ಚರ್ಮದ ಬ್ಯಾಗಿಂದ ಆ ಕಂಡಕ್ಟರ್ ಕೈಗೆ ದುಡ್ಡು ಹಾಕುತ್ತಿದ್ದ. ನಮ್ಮ ಕಣ್ಣೆದುರಿಗೇ ನಮ್ಮನ್ನು ಮಾರುತ್ತಿದ್ದರು ಅಂದರೂ ತಪ್ಪಿಲ್ಲ.

ಒಂದು ಸಲ ಒಬ್ಬಳು ಅಜ್ಜಿ ಇಳಿಯಲ್ಲ ಅಂತ ಕೂತುಬಿಟ್ಟಳು. "ಪಾವಗಡ ಅಂತ ಹತ್ತಿಸ್ಕೊಂಡು ನಡುದಾರೀಲಿ ಇಳಿಸ್ತೀಯಲ್ಲೋ, ನಿನ್ನ ಬಸ್ಸಿಗೆ ಬೆಂಕಿ ಬೀಳ" ಅಂತ ಬೈದಿದ್ದು ಇಡೀ ಸ್ಟ್ಯಾಂಡಿಗೆ ಕೇಳಿಸಿತು. ಕಂಡಕ್ಟರ್ ನಗುತ್ತಾ, "ಬೈಬ್ಯಾಡ ಕಣಜ್ಜಿ, ಆ ಬಸ್ಸಲ್ಲಿ ಕಿಟಕಿ ಸೀಟು ಕೊಡಿಸ್ತೀನಿ" ಅಂದ. ಅವಳ ಗಂಟನ್ನು ತಾನೇ ಹೊತ್ತುಕೊಂಡು ಹೋಗಿ ಕೂರಿಸಿಯೂ ಬಂದ. ಬೈಸಿಕೊಳ್ಳೋಕೆ ಅಲ್ಲಿ ಒಂದು ಮುಖ ಇತ್ತು. ಷಿಕಾಗೋದಲ್ಲಿ ನಾನು ಯಾರಿಗೆ ಬೈಯಲಿ? ಆ ಹುಡುಗಿಗಾ? ಪಾಪ, ಅವಳೂ ಯಾವ ಕಂಪನಿಯವಳೋ.

ಈ ಪದ್ಧತಿ ನಮ್ಮಲ್ಲಿಗೂ ಬಂತು ಅನ್ನಿ. ಈ ಸಲ ಬೆಂಗಳೂರಲ್ಲಿ ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ ಹತ್ತಿದೆ. ಕಂಡಕ್ಟರ್ ಸಂಸ್ಥೆಯವರು, ಡ್ರೈವರ್ ಬಸ್ಸು ಕೊಟ್ಟ ಕಂಪನಿಯವರು. ಕಂಪನಿಗೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು. ಹೆಸರು ಮಾತ್ರ ಬಿಎಂಟಿಸಿ.

ಬೋರ್ಡು ಯಾರದಾದರೇನು, ಊರು ತಲುಪಿದರೆ ಸಾಕಲ್ವಾ ಅಂತ ಭಾವ ಫೋನಲ್ಲಿ ಅಂದ. ತಲುಪದವರೂ ಇದ್ದಾರೆ. 2009ರ ಫೆಬ್ರವರಿ 12ರ ರಾತ್ರಿ, ನೆವಾರ್ಕಿಂದ ಬಫಲೋಗೆ ಹೊರಟ ವಿಮಾನ ಊರು ಸಿಗುವ ಮೊದಲೇ ಒಂದು ಮನೆ ಮೇಲೆ ಬಿತ್ತು. ವಿಮಾನದಲ್ಲಿದ್ದ 49 ಜನ, ಮನೆಯಲ್ಲಿದ್ದ ಒಬ್ಬರು ಸತ್ತರು. ಟಿಕೆಟ್ ಕಾಂಟಿನೆಂಟಲ್ ಹೆಸರಿನದು, ಹಾರಿಸುತ್ತಿದ್ದವರು ಕೋಲ್ಗನ್ ಏರ್. ಸತ್ತವರ ಮನೆಯವರು ವಾಷಿಂಗ್ಟನ್‌ಗೆ ಅಲೆದೂ ಅಲೆದೂ 2010ರಲ್ಲಿ ಕಾನೂನು ಬಂತು. ಸಹಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಹಾರಿಸಿದ ಅನುಭವ ಬೇಕು ಅಂತಾಯಿತು. ವೆಬ್‌ಸೈಟಲ್ಲಿ ಟಿಕೆಟ್ ಹುಡುಕುವಾಗಲೇ ಹಾರಿಸುವವರು ಯಾರು ಅಂತ ತೋರಿಸಬೇಕು ಅಂತಲೂ ಅದರಲ್ಲೇ ಇದೆ. ಅಂದರೆ ಆ ಸಾಲು ನನಗೆ ಮೊದಲೇ ಕಂಡಿರಬೇಕು. ನಾನು ದರ ಮಾತ್ರ ನೋಡಿದ್ದೆ.

ಈಗ ಒಪ್ಪಿಕೊಳ್ಳಬೇಕಾದ್ದನ್ನೂ ಹೇಳಿಬಿಡುತ್ತೇನೆ. ಆ ಪುಟ್ಟ ವಿಮಾನಗಳಿಲ್ಲದಿದ್ದರೆ ನಮ್ಮೂರಿನ ಥರದ ಊರಿಗೆ ಷಿಕಾಗೋದಿಂದ ವಿಮಾನವೇ ಇರುತ್ತಿರಲಿಲ್ಲವೇನೋ. ನಾನು ಕೌಂಟರಲ್ಲಿ ಕೂಗಾಡುವ ಹೊತ್ತಿಗೇ ಬೆಳಗಿನ ವಿಮಾನದಲ್ಲಿ ನನ್ನ ಸೀಟು ಫೋನಿಗೆ ಬಂದಿತ್ತು, ಕೂಗಾಟದಲ್ಲಿ ನೋಡಿರಲಿಲ್ಲ. ಒಂದು ಪೈಸೆ ಜಾಸ್ತಿ ಕೇಳಲಿಲ್ಲ. ರಾಗಿಹಿಟ್ಟೂ ಬಂತು, ಹುಣಸೆಹಣ್ಣೂ ಬಂತು.

ಕೊರಟಗೆರೆ ದಾಟಿದ ಮೇಲೆ ಒಂದು ರಾತ್ರಿ ನಮ್ಮ ಬಸ್ಸು ಕೆಟ್ಟು ನಿಂತಿತ್ತು. ಕಂಡಕ್ಟರ್ ಕತ್ತಲಲ್ಲಿ ಎಲ್ಲಿ ಹೋದನೋ ಗೊತ್ತಿಲ್ಲ. ಹಿಂದಿನ ಬಸ್ಸಿನವನು ನಮ್ಮ ಟಿಕೆಟ್ ನಡೆಯಲ್ಲ ಅಂದ. ಅಪ್ಪ ಅಂಗಿ ಒಳಜೇಬಿಂದ ದುಡ್ಡು ತೆಗೆದು ಇಬ್ಬರಿಗೂ ಇನ್ನೊಂದು ಸಲ ಟಿಕೆಟ್ ತಗೊಂಡ. ಬೈಯಲಿಲ್ಲ, ಏನೂ ಇಲ್ಲ. ಮನೆ ಹತ್ತಿರ ಬಂದಾಗ, "ನಿಮ್ಮಮ್ಮಂಗೆ ಹೇಳಬ್ಯಾಡ" ಅಂದ.