ಸತ್ಯಾಂಶ: ಉಪ್ಪುನೀರು ಕುಡಿದರೆ ಎಬೋಲಾ ಬರಲ್ವಾ?

ಉಪ್ಪು ಕದಡಿದ ನೀರಿನಲ್ಲಿ ಸ್ನಾನ ಮಾಡಿ, ಅದನ್ನೇ ಕುಡಿದರೆ ಎಬೋಲಾ ಎಂಬ ಮಾರಕ ವೈರಸ್ ಕಾಯಿಲೆ ತಗುಲುವುದಿಲ್ಲ ಎಂಬ ಮೆಸೇಜ್ 2014ರ ಆಗಸ್ಟ್‌ನಲ್ಲಿ ನೈಜೀರಿಯಾ ತುಂಬ ಹರಿದಾಡಿತ್ತು.

ಇದು ಸುಳ್ಳು. ಉಪ್ಪುನೀರು ಆ ವೈರಸ್ಸನ್ನು ತಡೆಯುವುದಿಲ್ಲ. ಜಾಸ್ತಿ ಕುಡಿದರೆ ರಕ್ತದಲ್ಲಿ ಸೋಡಿಯಂ ಏರಿ ಮೆದುಳಿಗೇ ಪೆಟ್ಟು ಬೀಳಬಹುದು, ಬಿಪಿ, ಕಿಡ್ನಿ ತೊಂದರೆ ಇರುವವರಿಗಂತೂ ಇನ್ನೂ ಅಪಾಯ. ಆಗ ಇದನ್ನು ಕುಡಿದು ಜನ ಸತ್ತ ವರದಿಗಳೂ ಬಂದವು. ಸುಮ್ನೆ ಒಂದು ಮೆಸೇಜ್ ನಂಬಿ ಜೀವ ಹೋಗುವುದೆಂದರೆ ಸಂಕಟವಾಗುತ್ತದೆ.

ಹಾಗಾದರೆ ನೈಜೀರಿಯಾ ಪಾರಾಗಿದ್ದು ಹೇಗೆ? ಜುಲೈ 20ರಂದು ಲೈಬೀರಿಯಾದಿಂದ ಲಾಗೋಸ್‌ಗೆ ವಿಮಾನದಲ್ಲಿ ಬಂದ ಒಬ್ಬ ರೋಗಿಯಿಂದ ಸೋಂಕು ಶುರುವಾಯಿತು. ಪೋಲಿಯೋ ಕೆಲಸಕ್ಕೆ ಮೊದಲೇ ತರಬೇತಿ ಪಡೆದಿದ್ದವರನ್ನು ಬೇಗನೆ ಇದಕ್ಕೆ ಇಳಿಸಿದರು. ಅವರು ರೋಗಿಗಳ ಸಂಪರ್ಕಕ್ಕೆ ಬಂದಿದ್ದ ಸುಮಾರು 900 ಜನರನ್ನು ಹುಡುಕಿ, ಮನೆಮನೆಗೆ ಹೋಗಿ, 21 ದಿನ ಜ್ವರ ಬರುತ್ತದಾ ಎಂದು ನೋಡಿಕೊಂಡರು, ಯಾಕೆಂದರೆ ಲಕ್ಷಣ ಕಾಣಿಸಲು ಅಷ್ಟು ದಿನವೂ ಹಿಡಿಯಬಹುದು. 20 ಜನರಿಗೆ ಕಾಯಿಲೆ ಬಂತು, 8 ಮಂದಿ ತೀರಿಕೊಂಡರು, ಅಕ್ಟೋಬರ್ 20ಕ್ಕೆ ದೇಶ ಎಬೋಲಾದಿಂದ ಮುಕ್ತವಾಯಿತು.

ಇದು ಹರಡುವುದು ರೋಗಿಯ ರಕ್ತ, ವಾಂತಿ, ಭೇದಿ ಮುಟ್ಟುವುದರಿಂದ, ಸತ್ತವರ ದೇಹ ಮುಟ್ಟಿದರೂ ಬರುತ್ತದೆ. ಅಂದಹಾಗೆ, ವಾಂತಿಭೇದಿಗೆ ಕೊಡುವ ಓಆರ್‌ಎಸ್ ಬೇರೆ, ಅದರಲ್ಲಿ ಉಪ್ಪು, ಸಕ್ಕರೆ ಅಳತೆ ಪ್ರಕಾರ ಇರುತ್ತದೆ.