ಟಚ್‌ಡೌನಿಗೆ ಕೈ ಮುಗಿದ ಅಮ್ಮ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಸ್ಟಾರ್ಕ್‌ವಿಲ್‌ನಲ್ಲಿ ಹಸುಗಳಿಗಿಂತ ಹಸುವಿನ ಗಂಟೆಗಳೇ ಜಾಸ್ತಿ ಇರಬೇಕು ಅಂತ ನನಗೆ ಬಲವಾದ ಅನುಮಾನ. ನನ್ನ ಗಂಡ ಕೆಲಸ ಮಾಡುವುದು ಇಲ್ಲಿನ ಮಿಸಿಸಿಪ್ಪಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ. ಅದರ ಫುಟ್‌ಬಾಲ್ ತಂಡ (ನಮ್ಮ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್) ಆಡುವಾಗ ಊರಿಗೆ ಊರೇ ಹಸುವಿನ ಕೊರಳ ಗಂಟೆ ಹಿಡಿದು ಕೂರುತ್ತದೆ. ಬಾರಿಸಲಿಕ್ಕೆ ಅನುಕೂಲ ಆಗಲಿ ಅಂತ ಗಂಟೆಗೆ ಒಂದು ಹಿಡಿಯನ್ನೂ ವೆಲ್ಡ್ ಮಾಡಿರುತ್ತಾರೆ. 1960ರ ದಶಕದಲ್ಲಿ ಅರ್ಲ್ ಟೆರೆಲ್ ಮತ್ತು ರಾಲ್ಫ್ ರೀವ್ಸ್ ಅನ್ನುವ ಇಲ್ಲಿಯದೇ ಇಬ್ಬರು ಪ್ರಾಧ್ಯಾಪಕರು ಹೀಗೆ ಹಿಡಿ ಹಾಕಿಕೊಡಲು ಶುರು ಮಾಡಿದರಂತೆ.

“ಮೇಷ್ಟ್ರೇ ವೆಲ್ಡಿಂಗ್ ಮಾಡಿದ್ರಾ?” ಅಂತ ತೀರ್ಥಹಳ್ಳಿಯಿಂದ ಅಪ್ಪ ಫೋನಿನಲ್ಲಿ ಕೇಳಿದರು. ಅಳಿಯನ ಯೂನಿವರ್ಸಿಟಿಯ ಮೇಲೆ ಅವರಿಗೆ ಮೊದಲ ಬಾರಿ ಗೌರವ ಹುಟ್ಟಿದ್ದು ಅವತ್ತೇ.

ಗೌರವ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಅಪ್ಪ ಅಮ್ಮ ಇಲ್ಲಿಗೆ ಬರುವಾಗ, ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದ್ದ ಗೌರಿಯ ಕಂಚಿನ ಗಂಟೆಯೂ ಸೂಟ್‌ಕೇಸಿನಲ್ಲಿ ಬಂತು. ಅಮೆರಿಕದ ಕಸ್ಟಮ್ಸ್ ಫಾರ್ಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ, ಇತ್ತೀಚೆಗೆ ದನಕರುಗಳ ಹತ್ತಿರ ಹೋಗಿದ್ದೀರಾ ಅಂತ. ಎಲ್ಲರೂ ಸುಮ್ನೆ ‘ಇಲ್ಲ’ ಅಂತ ಗೀಟು ಎಳೆದು ಬರುತ್ತಾರೆ. ಅಪ್ಪ ‘ಹೌದು’ ಅಂತ ಹಾಕಿದ್ದಲ್ಲದೆ, ಹೊರಡುವ ದಿನ ಬೆಳಿಗ್ಗೆ ತಾನೇ ಹಾಲು ಕರೆದಿದ್ದು, ಎಷ್ಟು ಲೀಟರ್ ಆಯಿತು ಅನ್ನುವುದನ್ನೂ ಕೇಳದೇ ಹೇಳಿದ್ದಾರೆ. ಅಧಿಕಾರಿ ಸೂಟ್‌ಕೇಸ್ ಬಿಚ್ಚಿಸಿದ. ಪಂಚೆಯಲ್ಲಿ ಸುತ್ತಿದ್ದ ಗಂಟೆಯ ಒಳಗೆ ಯಾವ ಕಾಲದ್ದೋ ಸಗಣಿ ಒಣಗಿ ಕೂತಿತ್ತು. ಗಂಟೆಯನ್ನೂ ಅಪ್ಪನ ಚಪ್ಪಲಿಯನ್ನೂ ಒಳಗೆ ತೆಗೆದುಕೊಂಡು ಹೋಗಿ, ಔಷಧಿ ಹಾಕಿ ತೊಳೆದು ತಂದುಕೊಟ್ಟ.

ಹೊರಗೆ ಕಾದು ಕಾದು ನನ್ನ ಜೀವ ಬಾಯಿಗೆ ಬಂದಿತ್ತು. ಅಪ್ಪ ಮಾತ್ರ ಖುಷಿಯಾಗಿದ್ದರು. “ಪಾಪ, ಒಳ್ಳೇ ಹುಡುಗ. ಎಷ್ಟು ಚೆಂದ ತೊಳೆದು ಒರೆಸಿ ಕೊಟ್ಟ ಗೊತ್ತುಂಟಾ? ನಿನ್ನ ಅಣ್ಣ ಇಷ್ಟು ವರ್ಷದಲ್ಲಿ ಒಂದು ಸಲ ಅದಕ್ಕೆ ನೀರು ತೋರಿಸಿದವನಲ್ಲ.” ಈ ಗಲಾಟೆಯಲ್ಲಿ ಅಮ್ಮನ ಮಿಡಿ ಉಪ್ಪಿನಕಾಯಿಯ ಡಬ್ಬಿಯ ಕಡೆ ಯಾರೂ ತಿರುಗಿ ನೋಡಿರಲಿಲ್ಲ.

ಫುಟ್‌ಬಾಲಿಗೂ ಹಸುವಿಗೂ ಏನು ಸಂಬಂಧ? ಈ ವಿಶ್ವವಿದ್ಯಾಲಯ 1878ರಲ್ಲಿ ಕೃಷಿ ಕಾಲೇಜಾಗಿ ಶುರುವಾದದ್ದು. ಇಲ್ಲಿಯವರು ಹೇಳುವ ಕತೆ ಇಷ್ಟು: ಬಹಳ ಹಿಂದೆ, ಬದ್ಧ ವೈರಿ ‘ಓಲ್ ಮಿಸ್’ (ಅಂದರೆ ಇದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ) ಜೊತೆ ಪಂದ್ಯ ನಡೆಯುವಾಗ ಒಂದು ಜೆರ್ಸಿ ಹಸು ಮೈದಾನಕ್ಕೆ ನುಗ್ಗಿತು. ಅವತ್ತು ಇವರು ಗೆದ್ದರು. ಹಸುವಿನ ಕಾಲ್ಗುಣ ಅಂತಾಯಿತು. ಕೆಲವು ಕಾಲ ಹಸುವನ್ನೇ ಕರೆತರುತ್ತಿದ್ದರಂತೆ. ಆಮೇಲೆ ಹಸು ಹೋಗಿ ಗಂಟೆ ಉಳಿಯಿತು.

ನಮ್ಮ ಮನೆಯಲ್ಲೂ ಒಂದು ಜೆರ್ಸಿ ಮಿಶ್ರತಳಿ ಇದೆ. ಹಾಗಾಗಿ ಅಪ್ಪ ಈ ಕತೆಯನ್ನು ಹಸುವಿನ ಕಡೆಯಿಂದ ಕೇಳಿಸಿಕೊಂಡರು. “ಬೇಲಿ ಸರಿ ಇಲ್ಲದಿದ್ರೆ ಜೆರ್ಸಿ ಎಲ್ಲಿಗೂ ನುಗ್ತದೆ. ಅದ್ರಲ್ಲಿ ಅದೃಷ್ಟ ಎಂಥದು ಮಾರಾಯ್ತಿ? ಗದ್ದೆಯಲ್ಲಿ ಹುಲ್ಲು ಕಂಡಿದೆ, ಬಂದಿದೆ.”

ಎದುರಾಳಿಗಳಿಗೆ ಈ ಸದ್ದು ಸಹಿಸಲಿಕ್ಕೆ ಆಗಲಿಲ್ಲ. 1974ರಲ್ಲಿ ಇವರು ಆಡುವ ಎಸ್ಇಸಿ ಅನ್ನುವ ವಿಶ್ವವಿದ್ಯಾಲಯ ತಂಡಗಳ ಕೂಟ, ಇಂಥ ಸದ್ದಿನ ಸಾಮಾನನ್ನೆಲ್ಲ ನಿಷೇಧ ಮಾಡಿತು. ಜನ ಬಿಟ್ಟರಾ? ಕೋಟಿನೊಳಗೆ ಬಚ್ಚಿಟ್ಟುಕೊಂಡು ತಂದು ಬಾರಿಸಿದರು. ಬೇಡ ಅಂದದ್ದನ್ನು ಮಾಡುವ ಮಜವೇ ಬೇರೆ, ಅಲ್ವಾ? ನನ್ನ ಪ್ರಕಾರ ಈ ಗಂಟೆಗೆ ಇಷ್ಟು ಮರ್ಯಾದೆ ತಂದುಕೊಟ್ಟದ್ದು ಆ ಹಸು ಅಲ್ಲ, ನಿಷೇಧ. ಕೊನೆಗೆ 2010ರಲ್ಲಿ ಷರತ್ತು ಹಾಕಿ ಒಪ್ಪಿಕೊಂಡರು. ಆಟ ಶುರುವಾಗುವ ಮುಂಚೆ, ಟೈಮ್‌ಔಟ್‌ನಲ್ಲಿ, ಅರ್ಧ ಆಟದ ಬಿಡುವಿನಲ್ಲಿ, ಪಾಯಿಂಟ್ ಬಂದಾಗ ಬಾರಿಸಬಹುದು. ಆಟಗಾರ ಚೆಂಡಿನ ಮೇಲೆ ಬಗ್ಗಿ ನಿಂತ ಮೇಲೆ ಸದ್ದು ಮಾಡಕೂಡದು. ತಪ್ಪಿದರೆ ದಂಡ ವಿಶ್ವವಿದ್ಯಾಲಯಕ್ಕೆ.

ನನ್ನ ಗಂಡ ಟ್ರಾಫಿಕ್ಕೇ ಇಲ್ಲದ ರಸ್ತೆಯಲ್ಲೂ ಸಿಗ್ನಲ್ಲಿಗೆ ಕಾಯುವ ಪ್ರಾಣಿ. ಪಂದ್ಯದ ಹಿಂದಿನ ರಾತ್ರಿ ಊಟದ ಹೊತ್ತಿಗೆ ಈ ನಿಯಮಗಳನ್ನೆಲ್ಲ ಮಾವನಿಗೆ ಪಾಠ ಮಾಡಿದರು. ಅಪ್ಪ ತಲೆಯಾಡಿಸಿದರು. “ಆಟ ನಡೀವಾಗ ಸುಮ್ನಿರಬೇಕು, ನಿಂತಾಗ ಬಾರಿಸಬೇಕು. ಅಷ್ಟೇ ತಾನೆ ಮಾರಾಯ್ರೆ?”

ಅಪ್ಪ ನಿಯಮ ಪಾಲಿಸಿದರು. ಪಾಲಿಸದೇ ಹೋದದ್ದು ಗಂಟೆ. ಇಲ್ಲಿಯವರ ಗಂಟೆ ತಗಡು ಬಗ್ಗಿಸಿ ಮಾಡಿದ್ದು. ಟಣಕ್ ಅಂತ ಒಂದು ಸದ್ದು, ಮುಗಿಯಿತು. ನಮ್ಮದು ಎರಕದ ಕಂಚು. ಗುಡ್ಡ ಹತ್ತಿ ಕಾಡಿನೊಳಗೆ ಮೇಯುವ ಗೌರಿ ಎಲ್ಲಿದ್ದಾಳೆ ಅಂತ ಮನೆಯ ಜಗಲಿಗೆ ಕೇಳಬೇಕಾದ ಗಂಟೆ ಅದು. ಅರವತ್ತು ಸಾವಿರ ಜನ ಹಿಡಿಸುವ ಸ್ಟೇಡಿಯಂ ಒಮ್ಮೆಲೇ ಗಪ್‌ಚುಪ್ ಆದ ಮೇಲೂ ನಮ್ಮ ಸಾಲಿನಿಂದ ಮಾತ್ರ ‘ಣ್ಣ್ಣ್ಣ್’ ಅಂತ ನಾದ ಎಳೆಯುತ್ತಲೇ ಇತ್ತು. ನನ್ನ ಗಂಡ ಗಾಬರಿಯಾಗಿ ಗಂಟೆಯನ್ನು ಕಸಿದುಕೊಂಡು, ಅಮ್ಮನ ಶಾಲು ಸುತ್ತಿ, ಹೊಟ್ಟೆಗೆ ಅವುಚಿಕೊಂಡು ಬಗ್ಗಿ ಕೂತರು. ಮುಂದಿನ ಸಾಲಿನ ಹೆಂಗಸೊಬ್ಬಳು ಹೊಟ್ಟೆನೋವಾ ಅಂತ ಕೇಳಿ ಮಾತ್ರೆ ಕೊಡಲು ಬಂದಳು.

ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ್ದರೆ ಗೌರಿಯ ಗಂಟೆಗೆ ಈ ಅವಮಾನ ಆಗುತ್ತಿರಲಿಲ್ಲ. ಅಲ್ಲಿ ವೆಂಗೆನ್ ಊರಿನ ಲೌಬರ್‌ಹಾರ್ನ್ ಸ್ಕೀ ಓಟಕ್ಕೆ ಜನ ಜನವರಿಯ ಹಿಮದಲ್ಲಿ ನಿಂತು ದನದ ಗಂಟೆ ಬಾರಿಸುತ್ತಾರೆ. ತಗಡಿನದ್ದೂ ಇರುತ್ತದೆ, ಎರಕದ್ದೂ ಇರುತ್ತದೆ. ದಪ್ಪ ಕೈಗವಸು ಹಾಕಿಕೊಂಡು ಚಪ್ಪಾಳೆ ತಟ್ಟಿದರೆ ಯಾರಿಗೆ ಕೇಳಿಸುತ್ತದೆ ಹೇಳಿ?

ಇನ್ನು ಅಮ್ಮ. ಆಕೆಗೆ ಆಟ ಗೊತ್ತಿಲ್ಲ, ನಿಯಮವೂ ಗೊತ್ತಿಲ್ಲ. ಆದರೆ ಗಂಟೆ ಗೊತ್ತು. ಪಂದ್ಯ ಶುರುವಾಗುವ ಮುಂಚೆ ಸಾವಿರಾರು ಗಂಟೆ ಒಟ್ಟಿಗೆ ಮೊಳಗಿದಾಗ ಮಹಾಮಂಗಳಾರತಿಗೆ ಎದ್ದ ಹಾಗೆ ಎದ್ದು, ಕಣ್ಣು ಮುಚ್ಚಿ ಕೈ ಮುಗಿದರು. ಸ್ವಲ್ಪ ಹೊತ್ತಿಗೆ ನಮ್ಮವರದ್ದು ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಪಾಯಿಂಟ್ ಗಳಿಸಿದರು. ಮತ್ತೆ ಗಂಟೆ, ಮತ್ತೆ ನಮಸ್ಕಾರ.

ಪಕ್ಕದಲ್ಲಿ ಮರೂನ್ ಬಣ್ಣದ ಟೋಪಿ ಹಾಕಿದ ಒಬ್ಬ ಅಜ್ಜ ಇದನ್ನೆಲ್ಲ ಗಮನಿಸುತ್ತಿದ್ದ. ಎದುರಾಳಿಗಳು ಮುನ್ನುಗ್ಗಿ ಬಂದು ಪರಿಸ್ಥಿತಿ ಕೆಡುತ್ತಿದ್ದಂತೆ ಬಗ್ಗಿ ಕೇಳಿದ, “ಮ್ಯಾಮ್, ಪ್ಲೀಸ್, ಇನ್ನೊಂದು ಸಲ?” ಅಮ್ಮ ನನ್ನ ಮುಖ ನೋಡಿದರು. “ಗಂಟೆ ಹೊಡೀದೆ ಹ್ಯಾಗೆ ಕೈ ಮುಗಿಯೋದೇ?” ಆದರೂ ಹಿರಿಯರು ಕೇಳಿದರಲ್ಲ ಅಂತ ಮುಗಿದರು. ಮರುಕ್ಷಣ ಎದುರಾಳಿ ಚೆಂಡು ಕೈಬಿಟ್ಟ, ನಮ್ಮವನೊಬ್ಬ ಅದರ ಮೇಲೆ ಬಿದ್ದ, ಚೆಂಡು ನಮ್ಮದಾಯಿತು. ಆಮೇಲೆ ಹಿಂದಿನ ಸಾಲಿನ ಹುಡುಗರೂ ಕೈ ಮುಗಿಯತೊಡಗಿದರು. ಒಬ್ಬ ಅಮ್ಮನಿಗೆ ಪಾಪ್‌ಕಾರ್ನ್ ತಂದು ಎರಡೂ ಕೈಯಲ್ಲಿ ಕೊಟ್ಟ.

“ಜೆರ್ಸಿ ಹಸುವಿನ ಜಾಗ ಖಾಲಿ ಇತ್ತಲ್ಲ, ನಿನ್ನಮ್ಮ ಭರ್ತಿ ಮಾಡಿದಳು” ಅಂದರು ಅಪ್ಪ. ಆ ಮಾತಿಗೆ ಮನೆಯಲ್ಲಿ ಎರಡು ದಿನ ಅವರಿಗೆ ಕಾಫಿ ತಣ್ಣಗೇ ಸಿಕ್ಕಿತು.

ಪಂದ್ಯ ಗೆದ್ದೆವು. ಹೊರಡುವಾಗ ಅಜ್ಜ ನನ್ನನ್ನು ತಡೆದು, ನಿಮ್ಮ ತಾಯಿ ಯಾವಾಗ ವಾಪಸ್ಸು ಹೋಗುತ್ತಾರೆ ಅಂತ ಕೇಳಿದ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆಯೇ ಅಂದೆ. ಅವನ ಮುಖ ಬಾಡಿತು. ಓಲ್ ಮಿಸ್ ಜೊತೆಗಿನ ‘ಎಗ್ ಬೌಲ್’ ಪಂದ್ಯ ಇರುವುದೇ ಆ ಹೊತ್ತಿಗೆ. 1927ರಿಂದ ಚಿನ್ನದ ಬಣ್ಣದ ಒಂದು ಮೊಟ್ಟೆಯಂಥ ಟ್ರೋಫಿಗೆ ಇವರಿಬ್ಬರೂ ಬಡಿದಾಡುತ್ತಿದ್ದಾರೆ. ವೀಡಿಯೊ ಕಾಲ್‌ನಲ್ಲಾದರೂ ಆಗುತ್ತದಾ ಅಂತ ಕೇಳಿದ.

ನನ್ನ ಗಂಡ ತಕ್ಷಣ ಲೆಕ್ಕ ಹಾಕಿದರು. ಇಲ್ಲಿ ಸಂಜೆ ಆರೂವರೆ ಅಂದರೆ ಅಲ್ಲಿ ಬೆಳಿಗ್ಗೆ ಆರು. ತೀರ್ಥಹಳ್ಳಿಯಲ್ಲಿ ಬಾರಿಸಿದ ಗಂಟೆಗೆ ದಂಡವೂ ಇಲ್ಲ.

“ಆ ಹೊತ್ತಿಗೆ ನಾನು ದೇವರ ಮುಂದೆ ಹ್ಯಾಗೂ ಗಂಟೆ ಬಾರಿಸ್ತಿರ್ತೀನಿ, ಅವರಿಗೂ ಸೇರಿಸಿ ಬಾರಿಸಿದ್ರಾಯ್ತು” ಅಂದರು ಅಮ್ಮ. “ಆದ್ರೆ ಮೂರು ಗಂಟೆ ಎಳೀಬೇಡಿ ಅಂತ ಹೇಳು. ನಿನ್ನ ಅಪ್ಪನಿಗೆ ಎಂಟಕ್ಕೆಲ್ಲ ತಿಂಡಿ ಆಗ್ಬೇಕು.”