ದೇವರು ರಕ್ಷಣೆಗೆ ಕೆಲವರನ್ನು ಮಾತ್ರ ಆರಿಸಿಕೊಂಡಿದ್ದಾನೆಯೇ? ಪರ-ವಿರೋಧ

ಪರ: ಹೌದು, ಆರಿಸುವವನು ಆತನೇ

ಬೈಬಲಿನ ಕಥೆ: ಇಸಾಕನ ಹೆಂಡತಿ ರೆಬೆಕ್ಕಳ ಹೊಟ್ಟೆಯಲ್ಲಿ ಅವಳಿ ಮಕ್ಕಳು, ಏಸಾವ ಮತ್ತು ಯಾಕೋಬ. ಇನ್ನೂ ಹುಟ್ಟಿಲ್ಲ, ಒಳ್ಳೆಯದನ್ನೂ ಮಾಡಿಲ್ಲ, ಕೆಟ್ಟದ್ದನ್ನೂ ಮಾಡಿಲ್ಲ. ಅಷ್ಟರಲ್ಲೇ ದೇವರ ಮಾತು ಬಂತು: ದೊಡ್ಡವನು ಚಿಕ್ಕವನ ಸೇವೆ ಮಾಡುವನು. ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯದಲ್ಲಿ ಅಪೊಸ್ತಲ ಪೌಲ ಈ ಕಥೆಯನ್ನೇ ಎತ್ತಿಕೊಳ್ಳುತ್ತಾನೆ. ಯಾಕೋಬನನ್ನು ಪ್ರೀತಿಸಿದೆ, ಏಸಾವನನ್ನು ದ್ವೇಷಿಸಿದೆ ಎಂಬ ಪ್ರವಾದಿ ಮಲಾಕಿಯನ ಕಟುವಾದ ಮಾತನ್ನೂ ಅವನು ಬಿಡುವುದಿಲ್ಲ. ಇದು ಅನ್ಯಾಯ ಅಲ್ವಾ ಅಂತ ಜನ ಕೇಳುತ್ತಾರೆ ಅನ್ನೋದು ಪೌಲನಿಗೂ ಗೊತ್ತು. ಅದಕ್ಕೇ ತಾನೇ ಆ ಪ್ರಶ್ನೆ ಹಾಕಿಕೊಂಡು, ಮಣ್ಣಿನಿಂದ ಏನು ಮಾಡಬೇಕು ಅನ್ನೋದು ಕುಂಬಾರನಿಗೆ ಬಿಟ್ಟದ್ದು ಎನ್ನುತ್ತಾನೆ.

ಯಾಕೋಬ ಎಂಥವನು ಅಂತ ಸ್ವಲ್ಪ ನೋಡಿ. ಹಸಿದು ಬಂದ ಅಣ್ಣನಿಗೆ ಬೇಳೆ ಸಾರು ಕೊಟ್ಟು, ಹಿರಿತನದ ಹಕ್ಕನ್ನೇ ಕಿತ್ತುಕೊಂಡವನು. ಕೈಗೆ ಮೇಕೆ ಮರಿಯ ಚರ್ಮ ಸುತ್ತಿಕೊಂಡು, ಕಣ್ಣು ಮಂಜಾದ ಅಪ್ಪನನ್ನು ಮೋಸ ಮಾಡಿದವನು. ಯೋಗ್ಯತೆ ನೋಡಿ ಆರಿಸುವುದಾಗಿದ್ದರೆ ಇವನಿಗೆ ಜಾಗವೇ ಇರುತ್ತಿರಲಿಲ್ಲ. ಕೃಪೆ ಕೂಲಿಯಲ್ಲ. ತಂದೆ ಎಳೆಯದ ಹೊರತು ಯಾರೂ ತನ್ನ ಬಳಿಗೆ ಬರಲಾರರು ಎಂದು ಯೇಸುವೇ ಹೇಳಿದ್ದಾನೆ (ಯೋಹಾನ 6:44). ಪ್ರಾಚೀನ ಕ್ರೈಸ್ತ ಗುರು ಅಗಸ್ಟೀನನಿಂದ 16ನೇ ಶತಮಾನದ ಸುಧಾರಕ ಕ್ಯಾಲ್ವಿನ್‌ವರೆಗೆ, ನೆದರ್ಲೆಂಡ್ಸಿನಲ್ಲಿ ಸೇರಿದ 1618-19ರ ಡೋರ್ಟ್ ಧರ್ಮಸಭೆಯವರೆಗೆ, ಎಷ್ಟೋ ಜನ ಇದನ್ನೇ ಗಟ್ಟಿಯಾಗಿ ಹಿಡಿದುಕೊಂಡರು.

ಹೊರಗಿನಿಂದ ನೋಡಿದರೆ ಇದು ಕಠಿಣ ಬೋಧನೆ. ಆದರೆ ಹಾಸಿಗೆ ಹಿಡಿದ ಮುದುಕಿಯೊಬ್ಬಳು ಕರ್ತನ ಪ್ರಾರ್ಥನೆಯನ್ನೂ ಮರೆತುಬಿಡಬಹುದು. ರಕ್ಷಣೆ ಅವಳ ಹಿಡಿತದ ಮೇಲೆ ನಿಂತಿದ್ದರೆ ಅವಳ ಗತಿ ಏನು? ಅವಳು ಬಿಟ್ಟರೂ ಆತ ಬಿಡುವುದಿಲ್ಲ. ನನಗೆ ಈ ಬೋಧನೆ ಬೇಕಾಗಿರುವುದು ಅದಕ್ಕೇ.

ವಿರೋಧ: ಇಲ್ಲ, ಕರೆ ಎಲ್ಲರಿಗೂ

9ನೇ ಅಧ್ಯಾಯಕ್ಕೇ ಪುಸ್ತಕ ಮುಚ್ಚಿಬಿಟ್ಟರೆ ಪೌಲನ ಮಾತು ಅರ್ಧಕ್ಕೇ ನಿಂತಂತೆ. ತನ್ನ ಜನರಾದ ಇಸ್ರಾಯೇಲ್ಯರ ಗತಿ ಏನು ಎಂಬ ಸಂಕಟದಲ್ಲಿ ಅವನು ಶುರುಮಾಡುತ್ತಾನೆ. 11ನೇ ಅಧ್ಯಾಯದ ಕೊನೆಗೆ ಬರುವ ಹೊತ್ತಿಗೆ, ದೇವರು ಎಲ್ಲರನ್ನೂ ಅವಿಧೇಯತೆಯಲ್ಲಿ ಕೂಡಿಹಾಕಿದ್ದು ಎಲ್ಲರಿಗೂ ಕರುಣೆ ತೋರಿಸುವುದಕ್ಕೇ ಎನ್ನುತ್ತಾನೆ (11:32). ಆ 'ಎಲ್ಲರಿಗೂ' ಎಂಬ ಪದವನ್ನು ಕುಗ್ಗಿಸಲು ನನಗೆ ಮನಸ್ಸು ಬರುವುದಿಲ್ಲ.

ಆರಿಸಿಕೊಳ್ಳುವುದು ಸತ್ಯವೇ. ಆದರೆ ಯಾಕೆ ಆರಿಸಿಕೊಂಡ? ಯಾಕೋಬನ ಅಜ್ಜ ಅಬ್ರಹಾಮನನ್ನು ಕರೆದಾಗಲೇ, ನಿನ್ನ ಮೂಲಕ ಭೂಮಿಯ ಕುಲಗಳೆಲ್ಲಾ ಆಶೀರ್ವಾದ ಪಡೆಯುವವು ಎಂದು ಹೇಳಿಬಿಟ್ಟ. ಒಬ್ಬನ ಕೈಗೆ ದೀಪ ಕೊಟ್ಟದ್ದು ಮನೆಗೆಲ್ಲಾ ಬೆಳಕಾಗಲಿ ಅಂತ. ಪ್ರವಾದಿ ಯೋನನಿಗೆ ಇದೇ ತಲೆಗೆ ಹೋಗಲಿಲ್ಲ. ಶತ್ರುಗಳ ಊರು ನಿನೆವೆ ಉಳಿಯಿತಲ್ಲ ಅಂತ ಮುನಿಸಿಕೊಂಡು ಕೂತ. ಎಡಗೈ ಬಲಗೈ ತಿಳಿಯದ 1,20,000ಕ್ಕಿಂತ ಜಾಸ್ತಿ ಜನ ಅಲ್ಲಿದ್ದಾರೆ, ದನಕರುಗಳೂ ಇವೆ, ನಾನು ಕನಿಕರಪಡಬಾರದೇ ಎಂದು ದೇವರು ಕೇಳಿದ. ಪುಸ್ತಕ ಆ ಪ್ರಶ್ನೆಯಲ್ಲೇ ಮುಗಿಯುತ್ತದೆ. ದನಗಳನ್ನೂ ಲೆಕ್ಕಕ್ಕೆ ಹಿಡಿದ ಆ ಮಾತು ಓದಿದಾಗಲೆಲ್ಲ ನನ್ನ ಕಣ್ಣು ತುಂಬಿಕೊಳ್ಳುತ್ತದೆ.

'ಎಳೆಯುವ' ಮಾತೂ ಅಷ್ಟಕ್ಕೇ ನಿಲ್ಲುವುದಿಲ್ಲ. ತನ್ನನ್ನು ಮೇಲಕ್ಕೆ ಎತ್ತಿದಾಗ ಎಲ್ಲರನ್ನೂ ಎಳೆದುಕೊಳ್ಳುವೆ ಎಂದು ಯೇಸು ಅದೇ ಸುವಾರ್ತೆಯಲ್ಲಿ ಹೇಳಿದ್ದಾನೆ (12:32). 1739ರಲ್ಲಿ ಬೋಧಕ ಜಾನ್ ವೆಸ್ಲಿ ಇಂಗ್ಲೆಂಡಿನಲ್ಲಿ ಕೃಪೆ ಎಲ್ಲರಿಗೂ ಎಂದು ಸಾರಿದ. ಅದಕ್ಕೆ, ದೇವರು ಕೆಲವರನ್ನೇ ಆರಿಸುತ್ತಾನೆ ಎಂದು ನಂಬಿದ್ದ ಗೆಳೆಯ, ಬೋಧಕ ವೈಟ್‌ಫೀಲ್ಡ್ ಜೊತೆ ಮನಸ್ತಾಪವಾಯಿತು. ಎಲ್ಲರೂ ಒಳಗೆ ಬಂದೇ ಬರುತ್ತಾರೆ ಎಂದು ವೆಸ್ಲಿ ಹೇಳಲಿಲ್ಲ. ಯಾರನ್ನೂ ಮೊದಲೇ ಹೊರಗಿಟ್ಟಿಲ್ಲ ಎಂದ.

ಇನ್ನು ಏಸಾವ. ಮೋಸ ಹೋದ ಅಣ್ಣ 400 ಜನರನ್ನು ಕಟ್ಟಿಕೊಂಡು ಎದುರು ಬರುತ್ತಿದ್ದಾನೆ. ಯಾಕೋಬ ಭಯದಿಂದ ಏಳು ಸಲ ನೆಲಕ್ಕೆ ಬಗ್ಗುತ್ತಾನೆ. ಏಸಾವ ಓಡಿಬಂದು ತಬ್ಬಿಕೊಂಡು ಮುದ್ದಿಡುತ್ತಾನೆ. ಇಬ್ಬರೂ ಅಳುತ್ತಾರೆ. ಆಗ, ಆರಿಸಿಕೊಂಡ ತಮ್ಮ ಆರಿಸದ ಅಣ್ಣನಿಗೆ ಹೇಳುತ್ತಾನೆ: ನಿನ್ನ ಮುಖ ನೋಡಿದ್ದು ದೇವರ ಮುಖವನ್ನೇ ನೋಡಿದ ಹಾಗಾಯಿತು.